ಶೀತ ಹಿಡಿದಾಗ ಏನು ಕುಡಿಯಬೇಕು, ಏನು ಉಣ್ಣಬೇಕು: ಮೊದಲ ದಿನದಿಂದ ಮಾಮೂಲಿ ಊಟದವರೆಗೆ

ನೆಗಡಿ ಬಂದಾಗ ನಮ್ಮ ಮನೆಗಳಲ್ಲಿ ಆಗುವ ಎಡವಟ್ಟು ಹೆಚ್ಚುಕಡಿಮೆ ಒಂದೇ ಥರದ್ದು. ಮೊದಲ ದಿನ ಊಟ ಬಿಟ್ಟು ಖಾಲಿ ಹೊಟ್ಟೆಗೆ ಖಾರದ ಕಷಾಯ ಸುರಿದುಕೊಳ್ಳುತ್ತೇವೆ. ಎರಡನೇ ದಿನ ಎದೆಯುರಿ. ಮೂರನೇ ದಿನ ಬಾಯಿ ಸಪ್ಪೆ ಅಂತ ಮೆಣಸಿನಕಾಯಿ ಬಜ್ಜಿ. ನಾಲ್ಕನೇ ದಿನ ಹೊಟ್ಟೆಯೂ ಕೆಟ್ಟು, ಸೋರುವ ಮೂಗಿನ ಜೊತೆ ಅದನ್ನೂ ಸಂಭಾಳಿಸಬೇಕು. ಈ ನಾಲ್ಕೂ ದಿನದ ಪಾಠ ನಾನು ಸ್ವಂತ ಖರ್ಚಿನಲ್ಲೇ ಕಲಿತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯಾವ ಸಾರೂ, ಯಾವ ಕಷಾಯವೂ ನೆಗಡಿಯ ವೈರಸ್ಸನ್ನು ಕೊಲ್ಲುವುದಿಲ್ಲ. ಎರಡನೇ ಮೂರನೇ ದಿನ ಅದು ಜೋರಾಗಿ, ಏಳರಿಂದ ಹತ್ತು ದಿನದೊಳಗೆ ತಾನಾಗಿ ಇಳಿಯುತ್ತದೆ. ಅಷ್ಟು ದಿನ ಮೈ ಒಣಗಬಾರದು, ಗಂಟಲು ಕೆರೆಯಬಾರದು, ಹೊಟ್ಟೆ ಕೆಡಬಾರದು, ರಾತ್ರಿ ನಿದ್ದೆ ಬರಬೇಕು. ಅಡುಗೆಮನೆಯಿಂದ ಆಗುವ ಸಹಾಯ ಇಷ್ಟು. ಅದಕ್ಕೆ ಬೇಕಾದ ಸಾಮಾನು ಎಲ್ಲರಿಗೂ ಗೊತ್ತು, ಎಡವುವುದು ಯಾವುದರ ನಂತರ ಯಾವುದು ಎಂಬಲ್ಲಿ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ಒಂದು ಲೀಟರಿನ ಫ್ಲಾಸ್ಕ್. ಕಲ್ಲಿನ ಅಥವಾ ಹಿತ್ತಾಳೆಯ ಕುಟ್ಟಾಣಿ. ಅಳತೆ ಚಮಚ, ಜ್ವರ ನೋಡುವ ಥರ್ಮಾಮೀಟರ್, ಎರಡು ಓಆರ್‌ಎಸ್ ಪೊಟ್ಟಣ. ಸಾಮಾನಿನಲ್ಲಿ ಅಕ್ಕಿ ನುಚ್ಚು ಅಥವಾ ಕುಚ್ಚಲಕ್ಕಿ, ಹೆಸರುಬೇಳೆ, ಕಾಳುಮೆಣಸು, ಜೀರಿಗೆ, ಬೆಳ್ಳುಳ್ಳಿ, ಹುಣಸೆ, ಶುಂಠಿ, ತುಪ್ಪ, ಜೇನು.

ಇವುಗಳಲ್ಲಿ ಫ್ಲಾಸ್ಕನ್ನು ಮಾತ್ರ ಬಿಡಬೇಡಿ. ಹಾಸಿಗೆಯಿಂದ ಎದ್ದು ಅಡುಗೆಮನೆಗೆ ಹೋಗಿ ನೀರು ಕಾಯಿಸುವ ಉಮೇದು ಜ್ವರ ಬಂದವರಿಗೆ ಇರುವುದಿಲ್ಲ. ತಲೆದೆಸೆಯಲ್ಲಿ ಬೆಚ್ಚಗಿನ ನೀರಿದ್ದರೆ ಕುಡಿಯುತ್ತೀರಿ, ಇಲ್ಲದಿದ್ದರೆ ಇಲ್ಲ.

ಹಂತ 1: ಇದು ನೆಗಡಿಯೇ ಎಂದು ಖಚಿತ ಮಾಡಿಕೊಳ್ಳಿ

ಸೀನು, ಸೋರುವ ಮೂಗು, ಗಂಟಲು ಕೆರೆತ, ಸಣ್ಣ ಜ್ವರ. ಇಷ್ಟಿದ್ದರೆ ನೆಗಡಿ. ಮೂಗು ಸೋರದೆ ಒಮ್ಮೆಲೇ ಜೋರು ಜ್ವರ, ಕಣ್ಣಗುಡ್ಡೆಯ ಹಿಂದೆ ನೋವು, ಮೈಕೈ ಮುರಿಯುವಂತಾದರೆ ಕಷಾಯ ಕಾಯಿಸುತ್ತ ಕೂರಬೇಡಿ. ಮಳೆಗಾಲದಲ್ಲಿ ಅದು ಡೆಂಗಿ ಇರಬಹುದು, ರಕ್ತ ಪರೀಕ್ಷೆ ಆಗಬೇಕು. ಅದು ಗೊತ್ತಾಗುವವರೆಗೆ ಐಬುಪ್ರೊಫೇನ್, ಆಸ್ಪಿರಿನ್ ಮುಟ್ಟಬೇಡಿ.

ಹಂತ 2: ಮೊದಲ ದಿನ ಕುಡಿಯುವುದು ಮುಖ್ಯ

ಗಂಟೆಗೊಮ್ಮೆ ಅರ್ಧ ಲೋಟ, ಗುಟುಕು ಗುಟುಕಾಗಿ. ಒಂದೇ ಸಲ ಚೊಂಬು ಎತ್ತಿದರೆ ಹೊಟ್ಟೆ ತೊಳಸುತ್ತದೆ. ದಿನಕ್ಕೆ ಇಂತಿಷ್ಟೇ ಲೀಟರ್ ಎಂಬ ಲೆಕ್ಕ ಬೇಡ. ಮೂತ್ರ ತಿಳಿಹಳದಿ ಇದ್ದರೆ ಸಾಕು, ಗಾಢವಾಗಿದ್ದರೆ ಇನ್ನಷ್ಟು ಕುಡಿಯಿರಿ. ಹೃದಯ ಅಥವಾ ಕಿಡ್ನಿ ತೊಂದರೆಗೆ ಡಾಕ್ಟರು ನೀರಿಗೆ ಮಿತಿ ಹಾಕಿದ್ದರೆ ಆ ಮಿತಿಯೇ ಅಂತಿಮ.

ಬಿಸಿ ಎಷ್ಟಿರಬೇಕು? ತುಟಿಗೆ ತಾಗಿಸಿದಾಗ ಲೋಟ ಹಿಂದಕ್ಕೆ ಎಳೆಯುವಂತಾದರೆ ಇನ್ನೂ ಕಾಯಿರಿ. 'ಸುಡುಸುಡು ಕುಡಿದರೇ ಕಫ ಕರಗೋದು' ಎನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. 65 ಡಿಗ್ರಿ ಸೆಲ್ಸಿಯಸ್ ದಾಟಿದ ಪಾನೀಯ ಕುಡಿಯುವ ಅಭ್ಯಾಸ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಹೇಳಿದೆ. ಒಂದು ನೆಗಡಿಗೆ ಅಷ್ಟು ದೂರ ಹೋಗಬೇಕಿಲ್ಲ, ಆದರೆ ಕೆಂಪಾದ ಗಂಟಲನ್ನು ಇನ್ನಷ್ಟು ಸುಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ.

ನೀರಿನ ಜೊತೆ ಗಂಜಿ ತಿಳಿ, ತೆಳು ಮಜ್ಜಿಗೆ, ಫ್ರಿಜ್ಜಿಗೆ ಹೋಗದ ಎಳನೀರು ಎಲ್ಲ ಆಗುತ್ತದೆ. ಕಾಫಿ ಬಿಟ್ಟರೆ ತಲೆನೋವು ಬರುವವರು ಎರಡು ಲೋಟ ಕುಡಿಯಲಿ, ನೆಗಡಿಯ ಜೊತೆ ಅದೊಂದು ತಲೆನೋವು ಬೇಡ. 'ಸ್ವಲ್ಪ ರಮ್ಮು ಬಿಸಿನೀರಿಗೆ' ಎಂಬ ಸಲಹೆ ಮಾತ್ರ ಬೇಡವೇ ಬೇಡ. ಅದು ನಿದ್ದೆ ಕೆಡಿಸುತ್ತದೆ, ಜ್ವರದ ಮಾತ್ರೆಯ ಜೊತೆ ಸೇರಿದರೆ ಯಕೃತ್ತಿಗೂ ಕಷ್ಟ.

ಓಆರ್‌ಎಸ್ ನೆಗಡಿಗೆ ಬೇಕಾಗುವುದಿಲ್ಲ. ಭೇದಿ, ವಾಂತಿ ಜೊತೆಗೆ ಬಂದರೆ ಮಾತ್ರ. ದೊಡ್ಡ ಪೊಟ್ಟಣವಾದರೆ ಅಷ್ಟನ್ನೂ ಒಂದು ಲೀಟರ್ ನೀರಿಗೆ ಒಮ್ಮೆಲೇ ಬೆರೆಸಿ, 24 ಗಂಟೆಯೊಳಗೆ ಮುಗಿಸಬೇಕು. ಸ್ವಲ್ಪ ಪುಡಿ ಲೋಟಕ್ಕೆ ಹಾಕಿ ಉಳಿದದ್ದನ್ನು ರಬ್ಬರ್‌ಬ್ಯಾಂಡ್ ಸುತ್ತಿ ಇಡುವುದು ತಪ್ಪು, ಉಪ್ಪು ಸಕ್ಕರೆಯ ಲೆಕ್ಕವೇ ಕೆಡುತ್ತದೆ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಮಟ್ಟಸ ಮಾಡಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಂಗಡಿಯ ಸಿಹಿ ಜ್ಯೂಸ್ ಡಬ್ಬಿಗಳನ್ನು ಓಆರ್‌ಎಸ್ ಎಂದು ತಿಳಿದು ತರಬೇಡಿ.

ಹಂತ 3: ಮೊದಲೆರಡು ದಿನ ಗಂಜಿ

ಅಕ್ಕಿ ನುಚ್ಚಾದರೆ ಒಂದು ಅಳತೆಗೆ ಎಂಟು ಅಳತೆ ನೀರು, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ. ಒಂದು ಮುಷ್ಟಿ ಹೆಸರುಬೇಳೆ ಜೊತೆಗೇ ಹಾಕಿ. ಬರೀ ಅಕ್ಕಿ ಗಂಜಿ ಕುಡಿದವರಿಗೆ ಎರಡು ಗಂಟೆಗೇ ಕೈಕಾಲು ಸೋಲುತ್ತದೆ, ಬೇಳೆ ಇದ್ದರೆ ತಡೆದುಕೊಳ್ಳುತ್ತದೆ. ಕರಾವಳಿಯವರು ಕುಚ್ಚಲಕ್ಕಿ ಇಡುವುದಾದರೆ ಕುಕ್ಕರಿನಲ್ಲಿ ಏಳೆಂಟು ಕೂಗು ಬೇಕು. ಕುಕ್ಕರ್ ತಾನಾಗಿ ಇಳಿಯುವವರೆಗೆ ಮುಚ್ಚಳ ಮುಟ್ಟಬೇಡಿ, ಗಂಜಿಯ ತಿಳಿ ನೊರೆಗಟ್ಟಿ ಮೈಮೇಲೆ ಚಿಮ್ಮುತ್ತದೆ.

ಉಪ್ಪು ಕೊನೆಗೆ, ಅರ್ಧ ಚಮಚ ತುಪ್ಪ, ಬೇಕಿದ್ದರೆ ಉಪ್ಪಿನಕಾಯಿ ರಸ ಒಂದು ತೊಟ್ಟು. ಬೆಳಿಗ್ಗೆ ಮಾಡಿದ ಗಂಜಿಯನ್ನು ಸಂಜೆಯವರೆಗೆ ಒಲೆಯ ಮೇಲೇ ಬಿಟ್ಟು ಮತ್ತೆ ಕಾಯಿಸಿ ಕೊಡಬೇಡಿ. ಬೆಂದ ಅಕ್ಕಿಯಲ್ಲಿ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳ ವಿಷ ಮರುಕಾಯಿಸಿದರೂ ಹೋಗುವುದಿಲ್ಲ. ಹೊತ್ತಿಗೆ ಬೇಕಾದಷ್ಟೇ ಮಾಡಿ, ಉಳಿದದ್ದು ಫ್ರಿಜ್ಜಿಗೆ.

ರಾಗಿ ಅಭ್ಯಾಸದವರು ಅಂಬಲಿ ಮಾಡಿಕೊಳ್ಳಲಿ. ಎರಡು ದೊಡ್ಡ ಚಮಚ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ನೀರಿಗೆ ಹೊಯ್ದು, ಕೈ ಬಿಡದೆ ಏಳು ನಿಮಿಷ ತಿರುವಬೇಕು. ಬಿಸಿನೀರಿಗೆ ನೇರ ಹಿಟ್ಟು ಸುರಿದರೆ ಒಳಗೆ ಹಸಿಯಾದ ಗಂಟುಗಳು ಉಳಿದು ಹೊಟ್ಟೆನೋವು ಗ್ಯಾರಂಟಿ.

ಪಿ.ಜಿ.ಯಲ್ಲಿ ಬರೀ ಕೆಟಲ್ ಇಟ್ಟುಕೊಂಡು ಮಲಗಿರುವವರಿಗೆ ತೆಳು ಅವಲಕ್ಕಿಯೇ ಗಂಜಿ. ಒಂದು ಹಿಡಿ ಅವಲಕ್ಕಿ ತೊಳೆದು, ಕುದಿಯುವ ನೀರು ಮುಳುಗುವಷ್ಟು ಹಾಕಿ ಹತ್ತು ನಿಮಿಷ ಮುಚ್ಚಿಡಿ. ಚಮಚದಲ್ಲಿ ಕಿವುಚಿ, ಉಪ್ಪು, ಚಿಟಿಕೆ ಮೆಣಸು ಹಾಕಿಕೊಳ್ಳಿ. ರುಚಿಯ ಬಗ್ಗೆ ನಾನು ಭರವಸೆ ಕೊಡಲಾರೆ, ಹೊಟ್ಟೆ ಮಾತ್ರ ಒಪ್ಪುತ್ತದೆ.

ಹಂತ 4: ಮೆಣಸಿನ ಸಾರು, ಕುದಿಸದೆ

ಮೂಗು ಕಟ್ಟಿದಾಗ ಹೋಗುವುದು ವಾಸನೆ. ನಾಲಿಗೆಗೆ ಉಪ್ಪು, ಹುಳಿ, ಸಿಹಿ, ಕಹಿ ತಿಳಿಯುತ್ತಲೇ ಇರುತ್ತದೆ. ಮೆಣಸಿನ ಚುರುಕಂತೂ ಉರಿಯಾಗಿ ಬೇರೊಂದು ನರದ ಮೂಲಕ ಮುಟ್ಟುತ್ತದೆ. ಅದಕ್ಕೇ ತೊವ್ವೆ, ಪಲ್ಯ ಎಲ್ಲ ರದ್ದಿನಂತೆ ಅನಿಸುವ ದಿನವೂ ಮೆಣಸಿನ ಸಾರು ಬಾಯಿಗೆ ಹತ್ತುತ್ತದೆ. ಇದನ್ನು ಸರಿಯಾಗಿ ಮಾಡುವುದು ಕಲಿತರೆ ಅರ್ಧ ನೆಗಡಿ ಸುಸೂತ್ರ ಕಳೆಯುತ್ತದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಇಬ್ಬರಿಗೆ: ದೊಡ್ಡ ಗೋಲಿ ಗಾತ್ರದ ಹುಣಸೆಹಣ್ಣನ್ನು ಒಂದು ಲೋಟ ಬಿಸಿನೀರಲ್ಲಿ ಕಾಲು ಗಂಟೆ ನೆನೆಹಾಕಿ. ಅಷ್ಟರಲ್ಲಿ ಒಂದು ಟೀ ಚಮಚ ಕಾಳುಮೆಣಸು, ಒಂದು ಟೀ ಚಮಚ ಜೀರಿಗೆಯನ್ನು ಕುಟ್ಟಾಣಿಗೆ ಹಾಕಿ ತರಿತರಿಯಾಗಿ ಕುಟ್ಟಿ. ಕೊನೆಗೆ ಸಿಪ್ಪೆ ಸಮೇತ ನಾಲ್ಕೈದು ಎಸಳು ಬೆಳ್ಳುಳ್ಳಿ ಹಾಕಿ ಒಂದೆರಡು ಪೆಟ್ಟು, ಒಡೆದರೆ ಸಾಕು. ಮಿಕ್ಸಿಯಲ್ಲಿ ನುಣ್ಣಗೆ ಮಾಡಿದರೆ ಸಾರು ಬೂದಿಬಣ್ಣಕ್ಕೆ ತಿರುಗುತ್ತದೆ, ಪುಡಿ ಗಂಟಲಿಗೆ ಅಂಟಿಕೊಳ್ಳುತ್ತದೆ.

ಹುಣಸೆ ಕಿವುಚಿ ಸೋಸಿದ ರಸಕ್ಕೆ ಚಿಟಿಕೆ ಅರಿಶಿನ, ಮುಕ್ಕಾಲು ಟೀ ಚಮಚ ಉಪ್ಪು, ಕಡಲೆಬೀಜದಷ್ಟು ಬೆಲ್ಲ, ಒಂದೆಸಳು ಕರಿಬೇವು ಹಾಕಿ ಕುದಿಯಲಿಡಿ. 'ಹಸಿ ವಾಸನೆ ಹೋಗುವವರೆಗೆ ಕುದಿಸಿ' ಎನ್ನುವುದು ರೂಢಿಯ ಮಾತು. ಮೂಗು ಕಟ್ಟಿದವರಿಗೆ ಎಲ್ಲಿಯ ವಾಸನೆ? ಗಡಿಯಾರ ನೋಡಿ ಆರು ನಿಮಿಷ ಕುದಿಸಿ. ಉಪ್ಪಿಗೂ ಅದೇ ಮಾತು, ಕೈ ಅಂದಾಜು ನಂಬಬೇಡಿ, ಚಮಚದಲ್ಲೇ ಅಳೆಯಿರಿ. ನೆಗಡಿಯಿದ್ದವರು ಮಾಡಿದ ಸಾರು ಮನೆಯ ಉಳಿದವರಿಗೆ ಉಪ್ಪುಪ್ಪಾಗುವುದು ಅಂದಾಜಿನಿಂದಲೇ.

ಆಮೇಲೆ ಎರಡು ಲೋಟ ನೀರು, ಅದರ ಹಿಂದೆಯೇ ಕುಟ್ಟಿದ್ದು. ಇಲ್ಲಿಂದ ಒಲೆ ಬಿಟ್ಟು ಅಲ್ಲಾಡಬೇಡಿ. ಎರಡು ಮೂರು ನಿಮಿಷಕ್ಕೆ ಪಾತ್ರೆಯ ಅಂಚಿನಲ್ಲಿ ಸಣ್ಣ ನೊರೆ ಏಳುತ್ತದೆ, ಅದು ನಡುವಿಗೆ ಬಂದು ಕೂಡುವಷ್ಟರಲ್ಲಿ ಒಲೆ ಆರಿಸಿ. ನೊರೆ ಒಡೆದು ಕೊತಕೊತ ಕುದಿಯಿತೋ, ಮೆಣಸಿನ ಘಮವೆಲ್ಲ ಆವಿಯ ಜೊತೆ ಹೋಗಿ ಕಹಿ ಉಳಿಯುತ್ತದೆ. ತುಪ್ಪದಲ್ಲಿ ಸಾಸಿವೆ, ಒಂದು ಬ್ಯಾಡಗಿ ಮೆಣಸಿನಕಾಯಿ ಒಗ್ಗರಣೆ ಕೊಟ್ಟು ಐದು ನಿಮಿಷ ಮುಚ್ಚಿಡಿ.

ಕುಡಿಯುವಾಗ ಮೇಲಿನ ತಿಳಿ ಮಾತ್ರ. ಅಡಿಯ ಗಸಿಯನ್ನು ಲೋಟಕ್ಕೆ ಕದಡಿಕೊಂಡು ಗಂಟಲಿಗೆ ಇಳಿಸಿದರೆ ಹತ್ತು ನಿಮಿಷ ಬಿಡದೆ ಕೆಮ್ಮುತ್ತೀರಿ. ಗಸಿ ಅನ್ನಕ್ಕೆ ಕಲಸಿಕೊಳ್ಳಲು ಸರಿ.

ಹಂತ 5: ಕಷಾಯಕ್ಕೆ ಮಿತಿ ಹಾಕಿ

ದಿನಕ್ಕೆ ಎರಡು ಸಣ್ಣ ಲೋಟ, ಎರಡೂ ಏನಾದರೂ ತಿಂದ ಮೇಲೆ. ಇದು ನನ್ನ ಅನುಭವದ ಮಿತಿ. ಒಮ್ಮೆ ಬೇಗ ಗುಣವಾಗಲಿ ಅಂತ ಶುಂಠಿ ಮೆಣಸಿನ ಕಷಾಯ ದಿನಕ್ಕೆ ಐದು ಸಲ ಕುಡಿದು, ನೆಗಡಿ ಹೋದ ಮೇಲೂ ಒಂದು ವಾರ ಎದೆಯುರಿ ಅನುಭವಿಸಿದ್ದೇನೆ.

ಪುಡಿಗೆ ಕೊತ್ತಂಬರಿ ಎರಡು ಪಾಲು, ಜೀರಿಗೆ ಒಂದು ಪಾಲು. ಒಂದು ಲೋಟ ಕೊತ್ತಂಬರಿಗೆ ಮೆಣಸು ಒಂದು ದೊಡ್ಡ ಚಮಚ ದಾಟಬಾರದು, ಒಣಶುಂಠಿ ಒಂದು ಸಣ್ಣ ತುಂಡು. ಸಣ್ಣ ಉರಿಯಲ್ಲಿ ಬೆಚ್ಚಗಾಗುವಷ್ಟು ಹುರಿದು ಪುಡಿ ಮಾಡಿ. ಒಂದು ಲೋಟ ನೀರಿಗೆ ಒಂದು ಟೀ ಚಮಚ ಪುಡಿ, ಸ್ವಲ್ಪ ಬೆಲ್ಲ, ಐದು ನಿಮಿಷ ಕುದಿ. ಹಾಲು ಬೇಕಾದವರು ಒಲೆ ಆರಿಸಿ, ಕುದಿ ನಿಂತ ಮೇಲೆ ಬೇರೆ ಕಾಯಿಸಿದ ಹಾಲು ಸೇರಿಸಿ. ಬೆಲ್ಲದ ಕಷಾಯ ಕುದಿಯುತ್ತಿರುವಾಗಲೇ ಹಾಲು ಹೊಯ್ದರೆ ಒಡೆದುಹೋಗುತ್ತದೆ.

ಹಾಲು ಕುಡಿದರೆ ಕಫ ಹೆಚ್ಚುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಹಾಲು ಎಂಜಲಿನ ಜೊತೆ ಸೇರಿ ಬಾಯಲ್ಲಿ ಲೋಳೆ ಲೋಳೆ ಅನಿಸುತ್ತದೆ, ಅಷ್ಟೇ. ಆ ಅನುಭವ ಇಷ್ಟವಾಗದವರು ಬಿಡಲಿ, ಉಳಿದವರು ರಾತ್ರಿ ಅರಿಶಿನದ ಹಾಲು ಕುಡಿಯಲಿ.

ಅಮೃತಬಳ್ಳಿಯ ವಿಷಯದಲ್ಲಿ ಎಚ್ಚರ. ಕೋವಿಡ್ ಸಮಯದಲ್ಲಿ ದಿನಾ ಅದರ ಕಷಾಯ ಕುಡಿದು ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ದಾಖಲಿಸಿದ್ದಾರೆ. ಜ್ಯೇಷ್ಠಮಧು ಗಂಟಲಿಗೆ ಹಿತ, ಆದರೆ ಬಿ.ಪಿ. ಏರಿಸುತ್ತದೆ. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಮುಟ್ಟಬಾರದು.

ಹಂತ 6: ರಾತ್ರಿಯ ಕೆಮ್ಮಿಗೆ ತಯಾರಿ

ರಾತ್ರಿ ಊಟ ಮಲಗುವುದಕ್ಕೆ ಎರಡು ಗಂಟೆ ಮೊದಲೇ ಮುಗಿಯಲಿ. ಅದೂ ಅರ್ಧ ಹೊಟ್ಟೆ. ತುಂಬಿದ ಹೊಟ್ಟೆಯಲ್ಲಿ ಮಲಗಿದರೆ ಹುಳಿ ಮೇಲೆ ಬಂದು ಗಂಟಲು ಕೆರೆಯುತ್ತದೆ, ನಾವು ಅದನ್ನೂ ನೆಗಡಿಯ ಲೆಕ್ಕಕ್ಕೆ ಸೇರಿಸುತ್ತೇವೆ. ಆಮೇಲೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ ಗಂಟಲು ಮುಕ್ಕಳಿಸಿ ಉಗುಳಿ. ಎಲ್ಲಕ್ಕಿಂತ ಕೊನೆಗೆ ಒಂದು ಚಮಚ ಜೇನು, ಹಾಗೇ ನೆಕ್ಕಿ. ಅದರ ಮೇಲೆ ನೀರು ಕುಡಿಯಬೇಡಿ, ಗಂಟಲಿಗೆ ಹತ್ತಿದ ಲೇಪವೇ ತೊಳೆದುಹೋಗುತ್ತದೆ. ಜೇನು ಮೊದಲು, ಉಪ್ಪುನೀರು ಆಮೇಲೆ ಮಾಡುವವರನ್ನು ನೋಡಿದ್ದೇನೆ. ಎರಡೂ ದಂಡ.

ಹಂತ 7: ಮೂರನೇ ದಿನದಿಂದ ಬಲ ಬರುವ ಊಟ

ಹಸಿವು ತಾನಾಗಿ ಕಾಣಿಸಿಕೊಂಡರೆ ಇಲ್ಲಿಗೆ ಬನ್ನಿ, ಇಲ್ಲದಿದ್ದರೆ ಇನ್ನೊಂದು ದಿನ ಗಂಜಿ.

ಹುರುಳಿ ಕಟ್ಟಿನ ಸಾರು ಈ ಹೊತ್ತಿಗೆ ಹೇಳಿ ಮಾಡಿಸಿದ್ದು. ಕಾಳು ರಾತ್ರಿಯಿಡೀ ನೆನೆಯಬೇಕು. ನೆನೆಸದೆ ಕುಕ್ಕರಿಗೆ ಹಾಕಿದರೆ ಕಾಳು ಸರಿಯಾಗಿ ಬೇಯದು, ಹೊಟ್ಟೆ ಉಬ್ಬರಿಸುತ್ತದೆ. ಬೆಂದ ಮೇಲೆ ಕಟ್ಟು ಬಸಿದು ಸಾರು ಮಾಡಿ, ಕಾಳನ್ನು ಉಸಲಿಗೆ ಇಡಿ, ಅದನ್ನು ಮನೆಯ ಉಳಿದವರು ತಿನ್ನಲಿ.

ಮಾಂಸ ತಿನ್ನುವವರಿಗೆ ನಾಟಿಕೋಳಿ ಸಾರು. ಮಸಾಲೆ ಅರ್ಧಕ್ಕೆ ಇಳಿಸಿ, ತೆಂಗಿನಕಾಯಿ ಅರೆಯದೆ ತೆಳ್ಳಗೆ ಮಾಡಿ, ಮೇಲೆ ತೇಲುವ ಎಣ್ಣೆ ತೆಗೆದು ಕುಡಿಯಿರಿ. ಮೊಟ್ಟೆ ಬೇಯಿಸಿದ್ದು ಆಗುತ್ತದೆ. ಮುದ್ದೆ ನುಂಗುವವರು ಗಂಟಲು ನೋವು ಇಳಿಯುವವರೆಗೆ ಮೃದುವಾಗಿ, ಸಣ್ಣ ಮುದ್ದೆ ಕಟ್ಟಿಕೊಳ್ಳಲಿ.

ದೊಡ್ಡಪತ್ರೆ ತಂಬುಳಿಗೆ ಹತ್ತು ಹನ್ನೆರಡು ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಎರಡು ಚಮಚ ಕಾಯಿತುರಿಯ ಜೊತೆ ನುಣ್ಣಗೆ ಅರೆದು ಮಜ್ಜಿಗೆಗೆ ಬೆರೆಸಬೇಕು. ಎಲೆಯ ಬಣ್ಣ ಮಾಸಿ ನೀರು ಆರುವವರೆಗೆ ಬಾಡಿಸಿ, ಹಸಿ ಉಳಿದರೆ ಒಗರು. ಬೆರೆಸಿದ ಮೇಲೆ ಒಲೆಗೆ ಇಡಬೇಡಿ, ಮಜ್ಜಿಗೆ ಒಡೆಯುತ್ತದೆ. ಮಲೆನಾಡಿನಲ್ಲಿ ಇದೇ ಸೊಪ್ಪಿಗೆ ಸಾಂಬಾರಬಳ್ಳಿ ಎನ್ನುತ್ತಾರೆ. ಹೊರದೇಶದಲ್ಲಿರುವವರು ನರ್ಸರಿಯಲ್ಲಿ ಕ್ಯೂಬನ್ ಓರೆಗಾನೋ ಎಂದು ಕೇಳಿ, ಕುಂಡದಲ್ಲಿ ಒಂದು ಕಡ್ಡಿ ಊರಿದರೆ ಬರುತ್ತದೆ.

ಬಾಳೆಹಣ್ಣು, ಮೊಸರು ಶೀತ ಹೆಚ್ಚಿಸುತ್ತವೆ ಎಂದು ಬಿಡಬೇಕಿಲ್ಲ. ಫ್ರಿಜ್ಜಿನಿಂದ ತೆಗೆದ ತಣ್ಣಗಿನದು ಕೆಲವರಿಗೆ ಕೆಮ್ಮು ತರಿಸುತ್ತದೆ, ಹೊರಗಿಟ್ಟು ತಿನ್ನಿ. ಕಿತ್ತಳೆ, ಸೀಬೆ, ನೆಲ್ಲಿ ಧಾರಾಳ ತಿನ್ನಿ, ಆದರೆ ನೆಗಡಿ ಬಂದ ಮೇಲೆ ವಿಟಮಿನ್ ಸಿ ಮಾತ್ರೆ ನುಂಗಿದರೆ ಬೇಗ ವಾಸಿಯಾಗುತ್ತದೆ ಎಂದು ನಂಬಬೇಡಿ.

ಹಂತ 8: ಮಾಮೂಲಿ ಊಟಕ್ಕೆ ಮರಳುವುದು

ಹೆಚ್ಚಿನವರು ಜಾರುವುದು ಐದನೇ ದಿನ. ಮೂಗು ಬಿಟ್ಟಿರುತ್ತದೆ, ವಾಸನೆ ಮರಳಿರುತ್ತದೆ, ಯಾರದೋ ಮನೆ ಗೃಹಪ್ರವೇಶದ ಊಟ ಕರೆಯುತ್ತಿರುತ್ತದೆ. ಹೋಗಿ, ಆದರೆ ಕರಿದದ್ದು, ಐಸ್‌ಕ್ರೀಮ್, ಎರಡನೇ ಸಲದ ಹೋಳಿಗೆ ಬಿಡಿ. ಒಂದು ಹೊತ್ತು ಮಾಮೂಲಿ ಊಟ, ಇನ್ನೊಂದು ಹೊತ್ತು ಸಾರನ್ನ, ಹೀಗೆ ಎರಡು ದಿನ ನಡೆಸಿದರೆ ಸಾಕು. ಕೆಮ್ಮು ಇನ್ನೊಂದು ವಾರ ಉಳಿಯಬಹುದು, ಅದಕ್ಕಾಗಿ ಪಥ್ಯ ಮುಂದುವರಿಸಬೇಕಿಲ್ಲ.

ಮಕ್ಕಳು, ಹಿರಿಯರು, ಮಾತ್ರೆ ನುಂಗುವವರು

ಆರು ತಿಂಗಳ ಒಳಗಿನ ಕೂಸಿಗೆ ತಾಯಿಹಾಲು, ಅದೂ ಪದೇ ಪದೇ. ನೀರು, ಕಷಾಯ, ತೇಯ್ದ ಬಜೆ ಯಾವುದೂ ಬೇಡ. ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಲೇಬಾರದು. ಜೇನಿನಲ್ಲಿ ಇರಬಹುದಾದ ಬೊಟುಲಿಸಮ್ ಬೀಜಾಣು ಎಳೆ ಕರುಳಿನಲ್ಲಿ ಬೆಳೆದು ಜೀವಕ್ಕೇ ಅಪಾಯ ತರುತ್ತದೆ. 'ನಮಗೂ ಹುಟ್ಟಿದ ದಿನವೇ ನೆಕ್ಕಿಸಿದ್ದರು' ಎಂಬ ವಾದಕ್ಕೆ ಸೋಲಬೇಡಿ. ಅಂಗಡಿಯಲ್ಲಿ ಕೇಳಿ ತಂದ ನೆಗಡಿ ಸಿರಪ್ಪೂ ಬೇಡ. ಕ್ಲೋರ್ಫೆನಿರಮಿನ್, ಫಿನೈಲ್ಎಫ್ರಿನ್ ಸೇರಿದ ಮಿಶ್ರಣವನ್ನು ನಾಲ್ಕು ವರ್ಷದ ಒಳಗಿನವರಿಗೆ ಕೊಡಬಾರದೆಂದು ಲೇಬಲ್ಲಿನಲ್ಲೇ ಬರೆಯಬೇಕು ಎಂದು 2023ರ ಡಿಸೆಂಬರಿನಲ್ಲಿ ಕೇಂದ್ರದ ಔಷಧ ನಿಯಂತ್ರಕರು ಆದೇಶಿಸಿದ್ದಾರೆ.

ಹಿರಿಯರಿಗೆ ಬಾಯಾರಿಕೆ ಸರಿಯಾಗಿ ತಿಳಿಯುವುದಿಲ್ಲ. ಬೇಕಾ ಎಂದು ಕೇಳಿದರೆ ಬೇಡ ಅನ್ನುತ್ತಾರೆ, ಲೋಟ ಕೈಗೆ ಕೊಟ್ಟುಬಿಡಿ. ಸಕ್ಕರೆ ಕಾಯಿಲೆಯವರಿಗೆ ಬೆಲ್ಲ, ಜೇನು ಎರಡೂ ಸಕ್ಕರೆಯೇ, ಕಷಾಯ ಸಪ್ಪೆಯಾಗಿ ಕುಡಿಯಲಿ. ಊಟ ಕಡಿಮೆಯಾದ ದಿನ ಮಾತ್ರೆ ಅಥವಾ ಇನ್ಸುಲಿನ್ ಎಷ್ಟು ಎಂದು ಡಾಕ್ಟರನ್ನು ಫೋನಿನಲ್ಲಾದರೂ ಕೇಳಿ.

ಜ್ವರಕ್ಕೆ ಪ್ಯಾರಸಿಟಮಾಲ್ ತೆಗೆದುಕೊಳ್ಳುವವರು ನೆಗಡಿ ಮಾತ್ರೆಯ ಹಿಂಬದಿ ಓದಿ. ಅನೇಕ ನೆಗಡಿ ಮಾತ್ರೆಗಳಲ್ಲಿ ಅದೇ ಪ್ಯಾರಸಿಟಮಾಲ್ ಇರುತ್ತದೆ. ಎರಡೂ ಸೇರಿ ದೊಡ್ಡವರಿಗೆ ದಿನಕ್ಕೆ 4 ಗ್ರಾಂ ದಾಟಬಾರದು, ಯಕೃತ್ತಿನ ತೊಂದರೆ ಇದ್ದವರಿಗೆ ಅದಕ್ಕಿಂತಲೂ ಕಡಿಮೆ.

ಅಡುಗೆಮನೆ ಬಿಟ್ಟು ಆಸ್ಪತ್ರೆಗೆ ಹೊರಡಬೇಕಾದ ಗುರುತುಗಳು

ಉಸಿರಾಟ ಕಷ್ಟ, ಮಗುವಿನ ಪಕ್ಕೆ ಒಳಕ್ಕೆ ಸೆಳೆಯುವುದು, ಎದೆನೋವು, ಮಂಪರು, ಏನೂ ಕುಡಿಯಲಾಗದಿರುವುದು, ಎಂಟು ಗಂಟೆ ಕಳೆದರೂ ಮೂತ್ರ ಬಾರದಿರುವುದು. ಇವು ತಕ್ಷಣ ಹೊರಡಬೇಕಾದವು. ಮೂರು ತಿಂಗಳ ಒಳಗಿನ ಕೂಸಿಗೆ ಜ್ವರ 100.4 ಫ್ಯಾರನ್‌ಹೀಟ್ ಮುಟ್ಟಿದರೂ ಕಾಯಬೇಡಿ.

ಮೂರು ದಿನ ಕಳೆದರೂ ಜ್ವರ ಇಳಿಯದಿದ್ದರೆ, ಕಡಿಮೆಯಾಗಿ ಎರಡು ದಿನ ಚೆನ್ನಾಗಿದ್ದು ಮತ್ತೆ ಜ್ವರ ಏರಿದರೆ, ಒಂದೇ ಕಡೆ ಕೆನ್ನೆ ಅಥವಾ ಕಿವಿ ನೋವು ಜೋರಾದರೆ ಆ ದಿನವೇ ತೋರಿಸಿ. ಸಿಂಬಳ ಹಳದಿ, ಹಸಿರು ಆಯಿತೆಂದ ಮಾತ್ರಕ್ಕೆ ಆಂಟಿಬಯೋಟಿಕ್ ಬೇಕಾಗುವುದಿಲ್ಲ, ಮಾಮೂಲಿ ನೆಗಡಿಯಲ್ಲೂ ಬಣ್ಣ ತಿರುಗುತ್ತದೆ. ಎರಡು ವಾರ ದಾಟಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ, ಕ್ಷಯವಲ್ಲ ಎಂದು ಖಚಿತ ಮಾಡಿಕೊಳ್ಳಿ.

ಹೋಗುವಾಗ ನುಂಗಿದ ಮಾತ್ರೆಗಳ ಪಟ್ಟಿಯ ಜೊತೆ ಕುಡಿದ ಕಷಾಯಗಳ ಹೆಸರನ್ನೂ ಬರೆದುಕೊಂಡು ಹೋಗಿ. ಮನೆಮದ್ದು, ಲೆಕ್ಕಕ್ಕಿಲ್ಲ ಎಂದು ಡಾಕ್ಟರ ಮುಂದೆ ಅಮೃತಬಳ್ಳಿಯನ್ನು ಬಚ್ಚಿಡಬೇಡಿ.